ಮುಕ್ತ ತಂತ್ರಾಂಶ: ಬರೆಯುವವರ ಉದ್ದೇಶಗಳು, ಕನ್ನಡದ ಮಟ್ಟಿಗೆ

ಯಾರು ಬೇಕಾದರೂ ಬಳಸಬಹುದಾದ, ಒಳಗಿನ ಆಕರ ಸಂಕೇತವನ್ನು ಓದಿ, ತಿದ್ದಿ, ತಿದ್ದಿದ್ದನ್ನು ಹಂಚಬಹುದಾದ ತಂತ್ರಾಂಶವೇ ಮುಕ್ತ ತಂತ್ರಾಂಶ. ಇಂಗ್ಲಿಷಿನಲ್ಲಿ 'ಫ್ರೀ' ಎಂಬ ಒಂದೇ ಪದ ಬಿಟ್ಟಿಗೂ ಬಿಡುಗಡೆಗೂ ಸಲ್ಲುತ್ತದೆ. ಕನ್ನಡಕ್ಕೆ 'ಉಚಿತ', 'ಮುಕ್ತ' ಎಂಬ ಎರಡು ಪದಗಳಿದ್ದರೂ ಗೊಂದಲವೇನೂ ತಪ್ಪಲಿಲ್ಲ.

ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆ ಘೋಷಿಸಿದ್ದರ ಹಿಂದೆ ಒಂದು ಸಿಟ್ಟಿತ್ತು. ತಮ್ಮ ಪ್ರಯೋಗಾಲಯದ ಮುದ್ರಣಯಂತ್ರದಲ್ಲಿ ಪದೇಪದೇ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಅದರ ತಂತ್ರಾಂಶವನ್ನು ತಿದ್ದಲು ಹೋದರೆ ಆಕರ ಸಂಕೇತವೇ ಸಿಗಲಿಲ್ಲ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಶುರುಮಾಡಿದ್ದಕ್ಕೆ ಅಂಥ ಸಿದ್ಧಾಂತವೇನೂ ಇರಲಿಲ್ಲ, ವಿದ್ಯಾರ್ಥಿಯೊಬ್ಬನ ಹವ್ಯಾಸ ಅದು. ಸಿಟ್ಟು, ಹವ್ಯಾಸ ಎರಡರಲ್ಲೂ ಅಗತ್ಯ ಬರೆಯುವವನದೇ. ಕನ್ನಡದ ಕಥೆಯಲ್ಲೂ ಇದೇ ಎಳೆ ಸಿಗುತ್ತದೆ.

1998ರಲ್ಲಿ ಕನ್ನಡ ಬರೆಯುವ ತಂತ್ರಾಂಶ, ಶೇಷಾದ್ರಿವಾಸು ಅವರ 'ಬರಹ' ಬಂತು. ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ಹೊರತಂದಿತು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ 'ನುಡಿ'ಯ ಮೂಲಕ ಮನೆಮಾತಾಯಿತು. ಕಗಪ ಎಂಬ ಹೆಸರಿನಲ್ಲಿ ಅದು ಇಂದು ಲಿನಕ್ಸ್‌ನಲ್ಲೂ ಇದೆ. 'ಬರಹ' ಉಚಿತವಾಗಿತ್ತು, ಆದರೆ ಮುಕ್ತವಾಗಿರಲಿಲ್ಲ. ಮುಂದಿನ ಆವೃತ್ತಿಗಳಿಗೆ ಬೆಲೆ ಬಂತು. ಅದನ್ನು ದೂರುವುದು ಸರಿಯಲ್ಲ, ಒಬ್ಬರ ದುಡಿಮೆ ಅದು. ತೊಡಕು ಇದ್ದದ್ದು ಬೇರೆ ಕಡೆ. ಆ ಕಾಲದ ಕನ್ನಡ ಪಠ್ಯವೆಲ್ಲ ಆಯಾ ಫಾಂಟಿನ ಸಂಕೇತದಲ್ಲಿ ಕೂತಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತಿದ್ದವು; ಹುಡುಕಿದರೆ ಏನೂ ಸಿಗುತ್ತಿರಲಿಲ್ಲ.

ಯಾದಗಿರಿ ಜಿಲ್ಲೆಯ ಸುರಪುರ ಸೀಮೆ ಈ ಇತಿಹಾಸದೊಳಗೆ ಬರುವುದು ಈ ಸಂಕೇತದ ತೊಡಕಿನಿಂದ. ಹಳೆಯ ಸುರಪುರ ತಾಲ್ಲೂಕಿನ ಮುದನೂರು ವಚನಕಾರ ದಾಸಿಮಯ್ಯನ ಊರು, ಕೆಂಭಾವಿ ವಚನಕಾರ ಭೋಗಣ್ಣನ ಊರು. ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳಲ್ಲಿ ಇವರ ವಚನಗಳೂ ಇದ್ದವು, ಆದರೆ ಹಳೆಯ ಸಂಕೇತದಲ್ಲಿ. ಓಂಶಿವಪ್ರಕಾಶ್ ಮತ್ತು 'ಸಂಚಯ' ಬಳಗದ ಗೆಳೆಯರು, ಓ.ಎಲ್. ನಾಗಭೂಷಣ ಸ್ವಾಮಿ, ವಸುಧೇಂದ್ರ ಅವರೊಂದಿಗೆ ಸೇರಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಯೂನಿಕೋಡ್ ಸಂಕೇತಕ್ಕೆ ತಂದು 'ವಚನ ಸಂಚಯ' ಕಟ್ಟಿದರು. ಈಗ 'ರಾಮನಾಥ' ಎಂದು ಹುಡುಕಿದರೆ ದಾಸಿಮಯ್ಯನ ಅಂಕಿತವಿರುವ ವಚನಗಳು ಒಟ್ಟಿಗೇ ಕಣ್ಣ ಮುಂದೆ ಬರುತ್ತವೆ. ಅರವಿಂದ ವಿ.ಕೆ. ಬರೆದ ಸಂಕೇತ ಪರಿವರ್ತಕ, 'ಗುಬ್ಬಿ', 'ನವಿಲು' ಎಂಬ ಫಾಂಟುಗಳು ಕೂಡ ಮುಕ್ತ. ಇಂಥ ಕೆಲಸಕ್ಕೆ ಕಾಸು ಕೊಡುವ ಗಿರಾಕಿ ಮಾರುಕಟ್ಟೆಯಲ್ಲಿ ಇರಲಿಲ್ಲ. ಓದುಗನಿಗೆ ಬೇಕಿದ್ದುದನ್ನು ಓದುಗನೇ ಮಾಡಿಕೊಂಡ, ಅಷ್ಟೇ.

ಕಂಪನಿಗಳ ಲೆಕ್ಕ ಬೇರೆ, ಅದರಲ್ಲಿ ದಾನಧರ್ಮ ಕಡಿಮೆ. ರೆಡ್ ಹ್ಯಾಟ್ 'ಲೋಹಿತ್ ಕನ್ನಡ' ಫಾಂಟನ್ನು ಹಂಚಿತು. ಅಕ್ಷರವೇ ಮೂಡದ ಲಿನಕ್ಸನ್ನು ಭಾರತದ ಕಚೇರಿಗಳು ಕೊಳ್ಳುವುದಾದರೂ ಹೇಗೆ? ಆ ಕಂಪನಿ ಮಾರುತ್ತಿದ್ದದ್ದು ಲಿನಕ್ಸಿನ ನಿರ್ವಹಣೆಯನ್ನು. 2019ರಲ್ಲಿ ಐಬಿಎಂ ಅದನ್ನು ಸುಮಾರು 3,400 ಕೋಟಿ ಡಾಲರಿಗೆ ಕೊಂಡಿತು. ಗೂಗಲ್ ಆಂಡ್ರಾಯ್ಡನ್ನು ಮುಕ್ತವಾಗಿ ಕೊಟ್ಟದ್ದು ತನ್ನ ಹುಡುಕಾಟ, ಜಾಹೀರಾತು ಎಲ್ಲ ಫೋನುಗಳಿಗೂ ತಲುಪಲಿ ಎಂದು. ಹಲವರಿಗೂ ಬೇಕಾದ ತಳಪಾಯವನ್ನು ಒಟ್ಟಾಗಿ ಕಟ್ಟಿಕೊಂಡರೆ ಖರ್ಚು ಹಂಚಿಹೋಗುತ್ತದೆ, ಪೈಪೋಟಿ ಮೇಲಿನ ಅಂತಸ್ತಿಗೆ ಉಳಿಯುತ್ತದೆ. ತರುಣ ಪ್ರೋಗ್ರಾಮರುಗಳಿಗೂ ಒಂದು ಸ್ವಾರ್ಥವಿದೆ: ಎಲ್ಲರ ಕಣ್ಣಿಗೆ ಬೀಳುವ ಆಕರ ಸಂಕೇತ, ಕೆಲಸ ಹುಡುಕುವಾಗ ಅಂಕಪಟ್ಟಿಗಿಂತ ಹೆಚ್ಚು ಮಾತಾಡುತ್ತದೆ.

ಶಾಲೆಗಳ ವಿಷಯದಲ್ಲಿ ಪರವಾನಗಿಯ ಬೆಲೆಯೇ ಮುಖ್ಯ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ರಾಜ್ಯದ ಶಿಕ್ಷಣ ಇಲಾಖೆಯೊಂದಿಗೆ ಶಿಕ್ಷಕರ ತರಬೇತಿಗೆ ಮುಕ್ತ ತಂತ್ರಾಂಶವನ್ನೇ ಆರಿಸಿಕೊಂಡಿತು. ಶಹಾಪುರದ ಮೇಷ್ಟ್ರೊಬ್ಬರು ಗಣಿತದ ಇಂಥ ತಂತ್ರಾಂಶವೊಂದನ್ನು ಒಂದು ಪೆನ್‌ಡ್ರೈವಿನಲ್ಲಿ ತಂದರೆ ಶಾಲೆಯ ಎಲ್ಲ ಕಂಪ್ಯೂಟರುಗಳಿಗೂ ಹಾಕಬಹುದು.

ಒಬ್ಬರ ಸ್ವಂತ ಆಸಕ್ತಿ, ಕಂಪನಿಯ ಕಡೆಯವರ ನೆರವು ಎರಡೂ ಕೂಡಿದ್ದು 'ಅಲರ್' ನಿಘಂಟಿನಲ್ಲಿ. ವಿ. ಕೃಷ್ಣ ಅವರು ನಾಲ್ಕು ದಶಕಗಳ ಕಾಲ ಒಬ್ಬರೇ ಕೂಡಿಸಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳು 2019ರಲ್ಲಿ ಮುಕ್ತ ಪರವಾನಗಿಯಲ್ಲಿ ಅಂತರ್ಜಾಲಕ್ಕೆ ಬಂದವು. ಅದನ್ನು ಕಟ್ಟಿಕೊಟ್ಟವರು ಜೆರೋಧಾ ಕಂಪನಿಯ ತಂತ್ರಜ್ಞಾನ ಮುಖ್ಯಸ್ಥ, ಮಲಯಾಳಿ ಕೈಲಾಶ್ ನಾಧ್. ಮಲಯಾಳಕ್ಕೆ 'ಓಳಂ' ನಿಘಂಟನ್ನು ಅವರು ಅದಕ್ಕೂ ಮೊದಲೇ ಮಾಡಿದ್ದರು.