ಮಾರಿಯ ಗಂಡ

ಬಿ.ಎ. ತರಗತಿಗೆ ರನ್ನನ 'ಗದಾಯುದ್ಧ' ಪಾಠ ಮಾಡುತ್ತಿದ್ದೆ. ದುರ್ಯೋಧನ ಹೆಣಗಳ ನಡುವೆ ನಡೆದು ಹೋಗುವ ಭಾಗ. ದ್ರೋಣ, ದುಶ್ಶಾಸನ, ಕರ್ಣರಿಗಾಗಿ ಅಳುವವನು ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ನಿಂತು, ಇಂಥ ಸಾವು ತನಗೂ ಬರಲಿ ಎಂದು ಬೇಡುತ್ತಾನೆ. ಹಿಂದಿನ ಬೆಂಚಿನ ಹುಡುಗನೊಬ್ಬ, 'ಸಾರ್, ಇವ್ನು ನಮ್ ಇಟಾಚಿ ಥರಾನೇ' ಅಂದ. 'ನರುಟೊ' ಎಂಬ ಜಪಾನಿ ಅನಿಮೆ ಸರಣಿಯ ಪಾತ್ರ ಅದು. ತನ್ನ ಕುಲವನ್ನೇ ಕೊಂದ ಪಾಪಿ ಎಂದು ಬಹಳ ದೂರ ತೋರಿಸಿ, ಆಮೇಲೆ ಹಿರಿಯರ ಆಜ್ಞೆಗೆ ಕೊರಳೊಡ್ಡಿ, ಒಳಯುದ್ಧ ತಪ್ಪಿಸಲು ಹಾಗೆ ಮಾಡಿದನೆಂದು ಬಯಲಿಗಿಡುತ್ತಾರೆ. ನಾನೂ ನೋಡಿದ್ದೇನೆ, ಸುಳ್ಳೇಕೆ. ತರಗತಿಗೆ ತರಗತಿಯೇ ನಕ್ಕಿತು. ಮುಂದಿನ ಸಾಲಿನ ಹುಡುಗಿ ಮಾತ್ರ ನಗದೆ, 'ಅಯ್ಯೋ ಅನ್ನಿಸ್ಕೊಳ್ಳೋಕೆ ಖಳ ದೊಡ್ಡ ಮನೆಯೋನೇ ಆಗಿರ್ಬೇಕಾ ಸಾರ್?' ಎಂದು ಕೇಳಿದಳು. ಗಂಟೆ ಹೊಡೆಯಿತು. ನಾನು ಬಚಾವಾದೆ.

ಕನ್ನಡಕ್ಕೆ ಖಳನಿಗಾಗಿ ಅತ್ತ ಹೆಮ್ಮೆಯಿದೆ. ಸಾವಿರ ವರ್ಷದ ಹಿಂದೆ ರನ್ನ ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಲು ಹೊರಟು, ಕಣ್ಣೀರನ್ನು ದುರ್ಯೋಧನನಿಗೆ ಕೊಟ್ಟುಬಿಟ್ಟ. ಸುಮಾರು ನೂರು ವರ್ಷ ಕಳೆದ ಮೇಲೆ ನಾಗಚಂದ್ರನ ರಾವಣ ಸೀತೆಯ ನಿಷ್ಠೆ ಕಂಡು ಮನಸ್ಸು ತಿರುಗಿ, ರಾಮನನ್ನು ಗೆದ್ದು ಆಮೇಲೆ ಅವಳನ್ನು ಒಪ್ಪಿಸುತ್ತೇನೆ ಎನ್ನುತ್ತಾನೆ. ಬಿ.ಎಂ.ಶ್ರೀ. ಇವರಿಬ್ಬರಲ್ಲೂ ಗ್ರೀಕರ ದುರಂತ ನಾಯಕನನ್ನು ಕಂಡರು. 1926ರಲ್ಲಿ ರನ್ನನನ್ನು 'ಗದಾಯುದ್ಧ ನಾಟಕಂ' ಆಗಿ ರಂಗಕ್ಕೆ ತಂದರು. ಇದು ದೊಡ್ಡ ಪರಂಪರೆಯೇ. ಆದರೆ ಈ ಅನುಕಂಪಕ್ಕೂ ಒಂದು ವಿಳಾಸವಿದೆ. ಅದು ಸಿಂಹಾಸನವಿದ್ದವನ ಮನೆಗೆ ಹೋಗುತ್ತದೆ. ಬೀಳಲು ಎತ್ತರವಿದ್ದವನಿಗೆ ದುರಂತ, ಎತ್ತರವೇ ಇಲ್ಲದವನಿಗೆ? ರನ್ನ ಬಳೆಗಾರರ ಮನೆಯಿಂದ ಬಂದವನು. ಅವನಿಗೂ ಅಳಲು ಒಬ್ಬ ದೊರೆಯೇ ಬೇಕಾಯಿತು.

ಹುಡುಗಿಯ ಪ್ರಶ್ನೆಗೆ ನನಗೆ ಹೊಳೆದದ್ದು ನಮ್ಮೂರ ಕೋಣ. ತುಮಕೂರು ಸೀಮೆಯ ನಮ್ಮ ಕೇರಿಯಲ್ಲಿ ಮಾರಿಹಬ್ಬದ ಕಥೆ ಎಲ್ಲರ ಬಾಯಲ್ಲೂ ಇತ್ತು. ಹೊಲೆಯರ ಹುಡುಗನೊಬ್ಬ ಹಾರುವನ ವೇಷ ಹಾಕಿ, ವೇದ ಕಲಿತು, ಹಾರುವರ ಹುಡುಗಿಯನ್ನು ಮದುವೆಯಾದ. ಮಕ್ಕಳಾದವು. ಒಂದು ದಿನ ಅವನ ತಾಯಿ ಮಗನನ್ನು ನೋಡಲು ಬಂದಳು. ಸೊಸೆ ಸಿಹಿ ಬಡಿಸಿದಳು. ತಾಯಿ ತಿಂದು, 'ಕೋಣದ ನಾಲಿಗೆ ತಿಂದಂಗೇ ಐತಲ್ಲ ಮಗಾ' ಅಂದಳು. ಅಷ್ಟೆ, ಜಾತಿ ಬಯಲಾಯಿತು. ಹೆಂಡತಿ ಸಿಟ್ಟಿಗೆದ್ದು ಮನೆ ಸುಟ್ಟಳು, ಮಾರಿಯಾದಳು. ಗಂಡನಿಗೆ ಕೋಣನಾಗಿ ಹುಟ್ಟುವ ಶಾಪ, ಮಕ್ಕಳಿಗೆ ಕುರಿ ಕೋಳಿಗಳಾಗುವ ಶಾಪ. ಹಬ್ಬ ಹಬ್ಬಕ್ಕೂ ಅವರನ್ನು ಕಡಿಯಬೇಕು.

ಇದು ನಮ್ಮೂರೊಂದರ ಕಥೆಯಲ್ಲ. ದಕ್ಷಿಣ ಭಾರತದ ನಾನಾ ಕಡೆ ಚೂರುಪಾರು ಬದಲಾಗಿ ಸಿಗುತ್ತದೆ. ಮದರಾಸಿನ ಬಿಷಪ್ ಆಗಿದ್ದ ಹೆನ್ರಿ ವೈಟ್‌ಹೆಡ್ 1916ರಲ್ಲಿ ಪ್ರಕಟಿಸಿದ ಗ್ರಾಮದೇವತೆಗಳ ಪುಸ್ತಕದಲ್ಲಿ ಇದೂ ಇದೆ, ಬಲಿಯ ವಿವರವೂ ಇದೆ: ಕಡಿದ ಕೋಣನ ಮುಂಗಾಲನ್ನು ಅದರ ಬಾಯಿಗೇ ಇಡುವುದು, ಕೊಬ್ಬನ್ನು ಮುಖಕ್ಕೆ ಬಳಿಯುವುದು, ತಲೆಯ ಮೇಲೆ ದೀಪ ಹಚ್ಚುವುದು. ಸೋತವನಿಗೆ ಮಾಡುವ ಅವಮಾನ ಇದು ಎಂದು ಅವರು ಊಹಿಸಿದರು. ಊಹೆ ಯಾಕೆ? ಕಥೆಯೇ ಹೇಳುತ್ತಿದೆ. ವೇದ ಆಡಿದ ಬಾಯಿಗೆ ಅವನದೇ ಕಾಲು.

ಚರಿತ್ರೆಕಾರರು ಇದನ್ನು ದಾಖಲೆ ಎಂದು ಒಪ್ಪಲಿಕ್ಕಿಲ್ಲ. ಅಂಥ ಮದುವೆ ಇಂಥ ಊರಿನಲ್ಲಿ ನಡೆಯಿತೆಂದು ನಾನೂ ಹೇಳುತ್ತಿಲ್ಲ. ಆದರೆ ಭಯದ ದಾಖಲೆ ಇದಲ್ಲದೆ ಇನ್ನೇನು? ಅಕ್ಷರ ಕಲಿತವನು ಪಕ್ಕದ ಮನೆಯಲ್ಲೇ ಇರಬಹುದು, ನೋಡಿದರೆ ಗುರುತು ಹತ್ತುವುದಿಲ್ಲ ಎಂಬ ಭಯ. ಇನ್ನೂ ಕಷ್ಟದ ಸಂಗತಿಯೆಂದರೆ ಈ ಕಥೆಯನ್ನು ಹೊತ್ತವರು ನಾವು. ತಮಟೆ ನಮ್ಮದು, ಕಡಿಯುವ ಕತ್ತಿ ಎಷ್ಟೋ ಊರುಗಳಲ್ಲಿ ನಮ್ಮವರ ಕೈಯಲ್ಲಿತ್ತು. ನಮ್ಮವನನ್ನೇ ಖಳನೆಂದು ಒಪ್ಪಿಕೊಂಡು ಅವನ ಸಾವಿಗೆ ಕುಣಿದೆವು.

ಅವನು ಅವಳಿಗೆ ಸುಳ್ಳು ಹೇಳಿದ್ದು ನಿಜ. ಅದನ್ನು ಮುಚ್ಚಿ ಅವನ ಪರ ಮಾತಾಡುವುದು ಗಂಡಸಿನ ವಕಾಲತ್ತಾಗುತ್ತದೆ. ಅವಳ ಸಿಟ್ಟು ಅವಳದು. ಆದರೆ ಆ ಸಿಟ್ಟು ಮೋಸದ ಮೇಲೋ, ಜಾತಿಯ ಮೇಲೋ? ಬೇರೆ ಮಾಡಿ ನೋಡಲು ಕಥೆ ಅವಳಿಗೆ ಅವಕಾಶವನ್ನೇ ಕೊಡುವುದಿಲ್ಲ.

ಮೂರು ವರ್ಷದ ಹಿಂದೆ ವಿಶ್ವೇಶ್ವರಪುರಂನಲ್ಲಿ, ಸಜ್ಜನ್ ರಾವ್ ಸರ್ಕಲ್ಲಿನ ಹತ್ತಿರ, ಒಂದು ರೂಮು ಹಿಡಿದೆ. ಮಾಲೀಕರು 'ಯಾವ ಕಡೆಯೋರು?' ಅಂದರು. ತುಮಕೂರು ಅಂದೆ. 'ಅದಲ್ಲ, ಯಾವ ಪೈಕಿ?' ಸ್ವಲ್ಪ ನಕ್ಕು, 'ನಾನ್‌ವೆಜ್ ಮಾಡಲ್ಲ ಸಾರ್' ಅಂದೆ. ಅವರು ತಮಗೆ ಬೇಕಾದ ಜಾತಿ ಅಂದುಕೊಂಡರು. ನಾನು ತಿದ್ದಲಿಲ್ಲ. ಯುಗಾದಿಗೆ ಅವ್ವ ಬಂದಳು. ಮಾಲೀಕರ ಹೆಂಡತಿ ಪ್ರೀತಿಯಿಂದಲೇ ಒಬ್ಬಟ್ಟು ತಂದು ಎದುರು ಕೂತರು. ಅವ್ವ ಮುರಿದು ಬಾಯಿಗಿಟ್ಟುಕೊಂಡಳು. ನನ್ನ ಕೈಕಾಲು ತಣ್ಣಗಾದವು. ಅವ್ವ 'ಚೆನ್ನಾಗದೆ ಕಣವ್ವ' ಅಂದಳು, ಅಷ್ಟೆ. ರಾತ್ರಿ ದೀಪ ಆರಿಸಿದ ಮೇಲೆ, 'ಯಾಕ್ಲಾ ನನ್ ಬಾಯ್ನೇ ನೋಡ್ತಿದ್ದೆ?' ಎಂದು ಕೇಳಿದಳು. ಕೋಣನ ಕಥೆ ನನಗೆ ಅರ್ಥವಾದದ್ದು ಆ ರಾತ್ರಿ, ಎಂ.ಎ. ಮಾಡುವಾಗ ಅಲ್ಲ.

ಕುವೆಂಪು 1944ರಲ್ಲಿ 'ಶೂದ್ರ ತಪಸ್ವಿ' ಬರೆದು ಶಂಬೂಕನನ್ನು ಉಳಿಸಿದರು. ರಾಮನ ಬ್ರಹ್ಮಾಸ್ತ್ರ ತಪಸ್ವಿಗೆ ತಲೆಬಾಗಿ, ದೂರು ತಂದ ಬ್ರಾಹ್ಮಣನ ಕಡೆಗೇ ತಿರುಗುತ್ತದೆ. ಮಾಸ್ತಿಯವರು ತಕರಾರು ಎತ್ತಿದರು. ಮಾಸ್ತಿ ಬಾಳಿದ ಗವಿಪುರ ನನ್ನ ರೂಮಿನಿಂದ ನಡೆದು ಹೋಗುವಷ್ಟು ದೂರ. ಆ ಕಡೆ ಹೋದಾಗೆಲ್ಲ ಜಗಳ ನೆನಪಾಗುತ್ತದೆ. ನನ್ನ ಒಲವು ಕುವೆಂಪು ಕಡೆಗೇ. ಆದರೂ ಶಂಬೂಕ ಉಳಿಯಲು ತಪಸ್ವಿಯಾಗಿರಬೇಕಾಯಿತು, ಯಾರ ಕಣ್ಣಿಗೂ ದೋಷ ಕಾಣದಷ್ಟು ಶುದ್ಧನಾಗಿರಬೇಕಾಯಿತು. ವೇಷ ಹಾಕಿದವನು, ಸುಳ್ಳು ಹೇಳಿದವನು, ಒಂದು ಹೆಣ್ಣನ್ನು ಬಯಸಿದವನು ಉಳಿಯುವುದು ಹೇಗೆ?

ನಮ್ಮ ಚಳವಳಿಗೂ ಈ ಮಾತು ಸಲ್ಲುತ್ತದೆ, ಗೆಳೆಯರು ಬೇಜಾರಾಗಬಾರದು. ಫುಲೆ 1873ರ 'ಗುಲಾಮಗಿರಿ'ಯಲ್ಲಿ ಬಲಿಯನ್ನು ನಮ್ಮ ರಾಜನೆಂದರು. ಮೈಸೂರಿನಲ್ಲಿ ಮಹಿಷ ದಸರಾ ಮಾಡುವವರು ಅಶೋಕನ ಕಾಲದಲ್ಲಿ ಮಹಾದೇವನೆಂಬ ಭಿಕ್ಷು ಮಹಿಷಮಂಡಲಕ್ಕೆ ಬಂದನೆಂಬ 'ಮಹಾವಂಸ'ದ ಮಾತನ್ನು ಹಿಡಿದು, ಮಹಿಷ ರಾಕ್ಷಸನಲ್ಲ, ಬೌದ್ಧ ದೊರೆ ಎನ್ನುತ್ತಾರೆ. ಚಾಮುಂಡಿ ಬೆಟ್ಟದಲ್ಲಿ ಕತ್ತಿ ಹಾವು ಹಿಡಿದು ನಿಂತವನನ್ನು ಮನುಷ್ಯನಾಗಿ ನೋಡಿದ್ದು ದೊಡ್ಡ ಕೆಲಸ. ಆದರೆ ಮತ್ತೆ ದೊರೆಯೇ ಯಾಕೆ? ಮಾರಿಯ ಗಂಡನಿಗೆ ರಾಜ್ಯವಿರಲಿಲ್ಲ. ಅವನು ಓದಿದ, ಮನೆ ಮಾಡಿದ, ಹೆತ್ತವ್ವ ಬಂದಾಗ ಒಳಗೆ ಕರೆದು ಕೂರಿಸಿದ. ಅವಳನ್ನು ಬಾಗಿಲಲ್ಲೇ ಸಾಗಹಾಕಿದ್ದರೆ ಉಳಿಯುತ್ತಿದ್ದನೇನೋ.

ಶಿರಸಿಯ ಮಾರಿಕಾಂಬೆಗೆ ಕೋಣ ಕಡಿಯುವುದು 1930ರ ದಶಕದಲ್ಲೇ ನಿಂತಿತು. 1934ರಲ್ಲಿ ಗಾಂಧೀಜಿ ಅಲ್ಲಿಗೆ ಬಂದದ್ದನ್ನು ಜನ ಈಗಲೂ ನೆನೆಯುತ್ತಾರೆ. ಪ್ರಾಣಿಬಲಿ ತಡೆಯುವ ಕಾನೂನು 1959ರಲ್ಲಿ ಬಂತು. ಆದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಜಾತ್ರೆಯ ಕೊನೆಗೆ ಮಾತಂಗಿಯ ಚಪ್ಪರಕ್ಕೆ ಈಗಲೂ ಬೆಂಕಿ ಇಡುತ್ತಾರೆ. ಪ್ರಾಣಿ ಉಳಿಯಿತು. ಸುಡುವ ಮನೆ ಹಾಗೇ ಇದೆ.

ಇದನ್ನು ಬರೆಯುವ ಮುಂಚೆ ಊರಿಗೆ ಹೋಗಿ ಅವ್ವನನ್ನು ಕೇಳಿದೆ. ಅವಳಪ್ಪ ತಮಟೆ ಬಡಿಯುತ್ತಿದ್ದವನು. 'ಕೋಣ ಕಡಿಯೋ ಹೊತ್ಗೆ ನಮ್ಮಪ್ಪ ಅತ್ಲಾಗ್ ತಿರುಗ್ಕಂಡ್ಬುಡೋನು ಕಣ್ಲಾ' ಅಂದಳು. ಯಾಕಂತೆ ಅಂದೆ. 'ನಾನೂ ಕೇಳಿದ್ದೆ. ತಮಟೆ ಸಡ್ಲ ಆಗಿತ್ತು, ಬೆಂಕಿಗೆ ಕಾಯಿಸ್ಕತಿದ್ದೆ ಅಂದ.'