ಮಳೆಗಾಲಕ್ಕೆ ಮುಂಚೆ ತಳ ಮುಟ್ಟಬೇಕು: ಶರಾವತಿಯಿಂದ ಒಂದು ಪೈಲಿಂಗ್ ಕಥೆ

ನಮ್ಮೂರು ಶಿರಾಲಿ. ಇಲ್ಲಿಂದ ಹೊನ್ನಾವರಕ್ಕೆ ಬಸ್ ಹತ್ತಿದ್ರೆ ಕಾಸರಕೋಡ ದಾಟಿದ ತಕ್ಷಣ ಶರಾವತಿ ಸಿಗುತ್ತೆ. ಆಗ ಬಸ್ಸಲ್ಲಿ ಅರ್ಧ ಜನರ ಫೋನ್ ಹೊರಗೆ ಬರುತ್ತೆ. ನದಿ, ದೋಣಿ, ಸ್ವಲ್ಪ ಮೇಲ್ಗಡೆ ಕಾಣೋ ಕೊಂಕಣ ರೈಲ್ವೆ ಸೇತುವೆ, ಎಲ್ಲಾ ರೀಲ್‌ಗೆ ಹೋಗುತ್ತೆ. ಸೇತುವೆಯ ಭಾರ ಹೊತ್ತಿರೋ ಭಾಗ ಮಾತ್ರ ಯಾರ ರೀಲ್‌ನಲ್ಲೂ ಬರಲ್ಲ. ಅದು ನೀರಿನ ಕೆಳಗೆ, ಕೆಸರಿನ ಕೆಳಗೆ ಇದೆ. ಇವತ್ತಿನ ಎಪಿಸೋಡ್ ಅದರ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಅಲ್ಲಿವರೆಗೆ ಕೊರೆಯೋ ಯಂತ್ರದ ಬಗ್ಗೆ. ನಾನು ಬಿ.ಕಾಂ. ಓದಿದವನು, ಎಂಜಿನಿಯರ್ ಅಲ್ಲ. ಹಾಗಾಗಿ ಯಂತ್ರ ನೋಡಿದ್ರೆ ನನಗೆ ಮೊದಲು ಬರೋ ಪ್ರಶ್ನೆ, ಇದನ್ನ ಯಾರು ಕೊಳ್ತಾರೆ, ಯಾಕೆ ಕೊಳ್ತಾರೆ ಅನ್ನೋದು.

ಮೊದಲು ನಮ್ಮ ನೆಲದಿಂದ ಶುರು ಮಾಡೋಣ. ಇಲ್ಲಿ ಮನೆ ಕಟ್ಟೋರು ಪಂಚಾಂಗ ಹಾಕೋದು ಚಿರೆಕಲ್ಲಿನಲ್ಲಿ. ಮೇಲಿನ ಪದರ ಮುರಕಲ್ಲು, ಗಟ್ಟಿ. ಒಂದು ಮಾಳಿಗೆ ಮನೆಗೆ ಅಷ್ಟು ಸಾಕು. ಮುರಕಲ್ಲಿನ ಕೆಳಗೆ ಶೇಡಿ ಮಣ್ಣು ಇರುತ್ತೆ. ಒಣಗಿದ್ದಾಗ ಗುದ್ದಲಿಗೂ ಬಗ್ಗಲ್ಲ, ನೀರು ಕುಡೀತು ಅಂದ್ರೆ ಬಲ ಕಳ್ಕೊಂಡು ಜಾರುತ್ತೆ. ಅಳಿವೆ ಹತ್ತಿರ ಹೋದ್ರೆ ಕಥೆ ಇನ್ನೂ ಕಷ್ಟ, ಮರಳು, ಕಡಲ ಜೇಡಿ, ಅದರ ಕೆಳಗೆಲ್ಲೋ ಬಂಡೆ. ಸೇತುವೆಯ ಭಾರವನ್ನ ಆ ಬಂಡೆಗೆ, ಇಲ್ಲವೇ ಕೆಳಗಿನ ಗಟ್ಟಿ ಪದರಕ್ಕೆ ತಲುಪಿಸೋ ಉದ್ದನೆ ಕಂಬಕ್ಕೇ ಪೈಲ್ ಅನ್ನೋದು.

ಈ ಐಡಿಯಾ ಹೊಸದೇನಲ್ಲ. ಆಮ್‌ಸ್ಟರ್‌ಡ್ಯಾಂನ 17ನೇ ಶತಮಾನದ ಅರಮನೆ 13,659 ಮರದ ಕಂಬಗಳ ಮೇಲೆ ನಿಂತಿದೆ ಅಂತ ಅಲ್ಲಿನ ಮಕ್ಕಳಿಗೂ ಗೊತ್ತು. ಆಗ ಕಂಬ ಹೊಡೀತಿದ್ದದ್ದು ಜನ, ಹಗ್ಗ ಎಳೆದು ಭಾರ ಎತ್ತಿ ಬಿಡ್ತಿದ್ರು. 1845ರಲ್ಲಿ ಇಂಗ್ಲೆಂಡಿನ ಡೆವನ್‌ಪೋರ್ಟ್ ಹಡಗುಕಟ್ಟೆಯಲ್ಲಿ ಜೇಮ್ಸ್ ನಾಸ್ಮಿತ್ ಅನ್ನೋ ಎಂಜಿನಿಯರ್ ಉಗಿಯಿಂದ ನಡೆಯೋ ಸುತ್ತಿಗೆ ತಂದ. ಹಳೇ ಪದ್ಧತಿಯ ತಂಡಕ್ಕೂ ಇವನ ಯಂತ್ರಕ್ಕೂ ಪಂದ್ಯ ಇಟ್ರು. ಅವನೇ ಆತ್ಮಚರಿತ್ರೆಯಲ್ಲಿ ಹೇಳಿಕೊಂಡ ಪ್ರಕಾರ ಯಂತ್ರಕ್ಕೆ ಬೇಕಾಗಿದ್ದು ನಾಲ್ಕೂವರೆ ನಿಮಿಷ, ಜನರಿಗೆ 12 ಗಂಟೆಗೂ ಹೆಚ್ಚು. ಮಾರೋನೇ ಹೇಳಿದ ಲೆಕ್ಕ ಅನ್ನೋದು ನೆನಪಿರಲಿ, ಆದ್ರೂ ಈ ವ್ಯಾಪಾರದ ಗುಟ್ಟು ಅದರಲ್ಲೇ ಇದೆ. ಗಿರಾಕಿ ದುಡ್ಡು ಕೊಟ್ಟಿದ್ದು ಸಮಯಕ್ಕೆ.

ಭಾರತದ ದೊಡ್ಡ ನದಿಗಳಲ್ಲಿ ಬ್ರಿಟಿಷರ ಕಾಲದ ರೈಲ್ವೆ ಬೇರೆ ದಾರಿ ಹಿಡಿದಿತ್ತು, ಬಾವಿ ಬುನಾದಿ. ಇಟ್ಟಿಗೆಯದ್ದೋ ಕಾಂಕ್ರೀಟಿನದ್ದೋ ದೊಡ್ಡ ಬಾವಿಯಂಥ ಬಳೆ ಕಟ್ಟಿ, ಒಳಗಿನ ಮಣ್ಣು ತೆಗೀತಾ ತೆಗೀತಾ ಅದನ್ನ ತನ್ನ ಭಾರದಿಂದಲೇ ಇಳಿಸೋದು. 1887ರ ಕಾಶಿಯ ಡಫರಿನ್ ಸೇತುವೆ ಹೀಗೇ ಆಗಿದ್ದು. ಭದ್ರವಾದ ವಿಧಾನ, ಆದ್ರೆ ತುಂಬಾ ನಿಧಾನ. ಬಾವಿ ಒಂದು ಕಡೆ ವಾಲಿತು ಅಂದ್ರೆ ನೇರ ಮಾಡೋದ್ರಲ್ಲೇ ವಾರಗಟ್ಟಲೆ ಹೋಗುತ್ತೆ.

ಸ್ವಾತಂತ್ರ್ಯದ ನಂತರ ನಮ್ಮ ದೇಶದಲ್ಲಿ ಕೊರೆದು ಹಾಕೋ ಪೈಲ್ ಅಂದ್ರೆ ಟ್ರೈಪಾಡ್ ಮತ್ತು ವಿಂಚ್. ಮೂರು ಕಾಲಿನ ಕಬ್ಬಿಣದ ಚೌಕಟ್ಟು, ಡೀಸೆಲ್ ವಿಂಚ್, ತುದಿಯಲ್ಲಿ ಭಾರದ ಉಳಿ. ಎತ್ತು, ಬಿಡು, ಕೆಸರು ತೆಗೆ, ಮತ್ತೆ ಎತ್ತು. ಬಂಡವಾಳ ಕಡಿಮೆ, ಕೂಲಿ ಅಗ್ಗ, ಕೆಟ್ಟರೆ ಊರ ವೆಲ್ಡರ್ ಸಾಕು. ಇವತ್ತಿಗೂ ಸಣ್ಣ ಕೆಲಸಗಳಲ್ಲಿ ಇದು ಇದೆ. ಬಂಡೆ ಸಿಕ್ಕಿದ್ರೆ ಮಾತ್ರ ಒಂದೇ ಪೈಲ್‌ಗೆ ದಿನಗಟ್ಟಲೆ ಬಡೀಬೇಕು.

ಈಗ ಕರಾವಳಿಗೆ ಬರೋಣ. 1990ರಲ್ಲಿ ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಆಗ ರೈಲ್ವೆ ಮಂತ್ರಿ ಜಾರ್ಜ್ ಫರ್ನಾಂಡಿಸ್, ನಿಗಮದ ಮುಖ್ಯಸ್ಥರು ಇ. ಶ್ರೀಧರನ್. ಬಂಡವಾಳದಲ್ಲಿ ರೈಲ್ವೆಯದ್ದು 51%, ಕರ್ನಾಟಕದ್ದು 15%, ಉಳಿದದ್ದು ಮಹಾರಾಷ್ಟ್ರ, ಗೋವಾ, ಕೇರಳದ್ದು. ಇದರ ಜೊತೆಗೆ ಸಾರ್ವಜನಿಕರಿಂದ ಬಾಂಡ್ ಮೂಲಕ ಸಾಲ. ನನ್ನಂಥ ಕಾಮರ್ಸ್‌ನವನಿಗೆ ಇಡೀ ಯೋಜನೆಯ ಕೀಲಿ ಇದೇ ಅನ್ಸುತ್ತೆ. ಬಜೆಟ್ ಅನುದಾನಕ್ಕೆ ಕಾಯೋ ಯೋಜನೆ ಹತ್ತು ವರ್ಷ ತಡ ಆದ್ರೂ ಯಾರೂ ಕೇಳಲ್ಲ. ಬಾಂಡ್ ಮೇಲೆ ನಡೆಯೋ ಯೋಜನೆಯಲ್ಲಿ ತಡ ಆದ ಪ್ರತಿ ತಿಂಗಳಿಗೂ ಬಡ್ಡಿ ಬೀಳುತ್ತೆ. ಅಲ್ಲಿಗೆ ದುಬಾರಿ ಯಂತ್ರ ಅಗ್ಗವಾಗಿ ಕಾಣೋಕೆ ಶುರುವಾಗುತ್ತೆ. ಸುರಂಗಗಳಿಗೆ ಸ್ವೀಡನ್‌ನಿಂದ ಹೈಡ್ರಾಲಿಕ್ ಯಂತ್ರಗಳು ಬಂದಿದ್ದು ಹೀಗೆ. ಈ ಹಳಿಯ ಅತಿ ಉದ್ದದ ಸೇತುವೆ ನಮ್ಮ ಶರಾವತಿಯದ್ದೇ, 2,065 ಮೀಟರ್. 1998ರ ಜನವರಿ 26ಕ್ಕೆ ಇಡೀ ಮಾರ್ಗ ತೆರೆದಿತ್ತು.

ಅಷ್ಟರಲ್ಲಿ ಶ್ರೀಧರನ್ ದೆಹಲಿ ಮೆಟ್ರೊಗೆ ಹೋಗಿದ್ರು. ಕೊಂಕಣದ ಆತುರ ರಾಜಧಾನಿಗೂ ಹೋಯ್ತು ಅಂತ ನಾನು ಓದ್ತೀನಿ. 2002ರ ಡಿಸೆಂಬರ್‌ನಲ್ಲಿ ಮೊದಲ ರೈಲು ಓಡೋ ಹೊತ್ತಿಗೆ, ಊರ ನಡುವೆ, ಟ್ರಾಫಿಕ್ ಪಕ್ಕದಲ್ಲೇ ಪೈಲ್ ಹಾಕಬೇಕಾದ ಕೆಲಸ ರಾಶಿ ಬಿದ್ದಿತ್ತು. ಟ್ರೈಪಾಡ್‌ಗೆ ಅದು ಆಗದ ಮಾತು. ಹೈಡ್ರಾಲಿಕ್ ರೋಟರಿ ರಿಗ್‌ಗಳಿಗೆ ಭಾರತದಲ್ಲಿ ದೊಡ್ಡ ಮಾರುಕಟ್ಟೆ ತೆರೆದದ್ದು ಈ ಹೊತ್ತಲ್ಲಿ. ಜರ್ಮನಿಯ ಬಾವರ್, ಇಟಲಿಯ ಸಾಯಿಲ್‌ಮೆಕ್ ಹೆಸರುಗಳು ಕೇಳಿ ಬಂದ್ವು. ಬಾವರ್ 1790ರಲ್ಲಿ ತಾಮ್ರದ ಕೆಲಸದ ಅಂಗಡಿಯಾಗಿ ಶುರುವಾಗಿ, ಬಾವಿ ಕೊರೆಯೋಕೆ ಇಳಿದು, 1976ರಲ್ಲಿ ತನ್ನ ಮೊದಲ ರೋಟರಿ ರಿಗ್ ಮಾಡಿದ ಕಂಪನಿ. ಆಮೇಲೆ ಚೀನಾದ ಸ್ಯಾನಿ ಬಂತು, ಪುಣೆ ಹತ್ತಿರ ಚಾಕಣ್‌ನಲ್ಲಿ ಕಾರ್ಖಾನೆಯನ್ನೇ ಹಾಕ್ತು. ನಮ್ಮ ಮೆಟ್ರೊ 2011ರ ಅಕ್ಟೋಬರ್‌ನಲ್ಲಿ ಓಡೋ ಹೊತ್ತಿಗೆ ಬೆಂಗಳೂರಿನ ರಸ್ತೆಗಳಲ್ಲಿ ರಿಗ್ ಹೊಸ ವಸ್ತು ಆಗಿ ಉಳಿದಿರಲಿಲ್ಲ.

ರಿಗ್ ಕೆಲಸ ನೋಡೋಕೆ ಸರಳ. ಒಂದರೊಳಗೊಂದು ಸೇರೋ ಉದ್ದನೆ ಕೆಲ್ಲಿ ಬಾರ್, ತುದಿಯಲ್ಲಿ ಹಲ್ಲಿರೋ ಬಕೆಟ್. ತಿರುಗುತ್ತೆ, ಮಣ್ಣು ತುಂಬ್ಕೊಳ್ಳುತ್ತೆ, ಮೇಲೆ ಬಂದು ಸುರಿಯುತ್ತೆ. ಗುಂಡಿ ಕುಸೀಬಾರದು ಅಂತ ಕಬ್ಬಿಣದ ಕೇಸಿಂಗ್, ಇಲ್ಲವೇ ಬೆಂಟೊನೈಟ್ ಅನ್ನೋ ಜೇಡಿ ನೀರು. ಆಮೇಲೆ ಸರಳಿನ ಪಂಜರ ಇಳಿಸಿ, ತಳದಿಂದ ಮೇಲಕ್ಕೆ ಪೈಪಿನಲ್ಲಿ ಕಾಂಕ್ರೀಟ್ ತುಂಬ್ತಾರೆ. ತಳದಲ್ಲಿ ಕೆಸರು ಉಳಿದ್ರೆ, ಕಾಂಕ್ರೀಟ್ ನಡುವೆ ಕಡಿದ್ರೆ, ಮೇಲಿನಿಂದ ಯಾರಿಗೂ ಕಾಣಲ್ಲ. ಅದಕ್ಕೇ ಐಎಸ್ 2911 ಅನ್ನೋ ಭಾರತೀಯ ಮಾನದಂಡದಲ್ಲಿ ಭಾರ ಹೇರಿ ಪರೀಕ್ಷಿಸೋ ನಿಯಮಗಳಿರೋದು.

ಇನ್ನು ನಮ್ಮ ಕರಾವಳಿಯ ಲೆಕ್ಕ. ಇಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನದಿಯಲ್ಲಿ ಆಗ ಕೆಲಸ ನಡೆಯೋದು ಕಷ್ಟ. ಉದಾಹರಣೆಗೆ ಅಂತ ಇಟ್ಕೊಳ್ಳಿ, ಒಂದು ರಿಗ್‌ನ ಸಾಲದ ಕಂತು ತಿಂಗಳಿಗೆ 6 ಲಕ್ಷ. ವರ್ಷಕ್ಕೆ 72 ಲಕ್ಷ ಆಯ್ತು. ಕೆಲಸ ಸಿಗೋದು 8 ತಿಂಗಳು ಮಾತ್ರ, ಅಂದ್ರೆ ಕಂತಿಗಷ್ಟೇ ತಿಂಗಳಿಗೆ 9 ಲಕ್ಷ ದುಡೀಬೇಕು. ಡೀಸೆಲ್, ಆಪರೇಟರ್ ಸಂಬಳ ಬೇರೆ. ಮಳೆಗೆ ನಿಂತ ರಿಗ್ ಮಾಲೀಕನಿಗೆ ಬೆಂಕಿ. ಅದೇ ಗುತ್ತಿಗೆದಾರನ ಕಡೆಯಿಂದ ನೋಡಿ. ಮೇ ಒಳಗೆ ತಳ ಮುಟ್ಟದೇ ಇದ್ರೆ ಅವನು ಮತ್ತೆ ಅಕ್ಟೋಬರ್ ತನಕ ಕಾಯಬೇಕು, ಅಷ್ಟೂ ದಿನ ಬಡ್ಡಿ. ಹಾಗಾಗಿ ಮೀಟರ್‌ಗೆ ಹೆಚ್ಚು ಬಾಡಿಗೆ ಕೊಟ್ಟಾದ್ರೂ ರಿಗ್ ತರ್ತಾನೆ. ಒಳನಾಡಿನಲ್ಲಿ ಟ್ರೈಪಾಡ್ ಇನ್ನೂ ಸ್ವಲ್ಪ ದಿನ ಬದುಕಬಹುದು, ನಮ್ಮ ನದಿಗಳಲ್ಲಿ ಅದನ್ನ ಓಡಿಸಿದ್ದು ಮಳೆ.

2014ರಲ್ಲಿ ಗೋವಾ ಗಡಿಯಿಂದ ಕುಂದಾಪುರದವರೆಗೆ ರಾಷ್ಟ್ರೀಯ ಹೆದ್ದಾರಿ 66ರ ಚತುಷ್ಪಥ ಕೆಲಸ ಶುರುವಾಯ್ತು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಒಂದಾದ ಮೇಲೊಂದು ನದಿ. 2024ರ ಆಗಸ್ಟ್ 7ರ ನಸುಕಲ್ಲಿ ಕಾರವಾರದಲ್ಲಿ ಕಾಳಿಯ ಹಳೇ ಸೇತುವೆ ಲಾರಿ ಸಮೇತ ಕುಸೀತು. ಚಾಲಕನನ್ನ ಬದುಕಿಸಿದ್ರು. ಆ ಸೇತುವೆಗೆ ವಯಸ್ಸು ಕೇವಲ ನಲವತ್ತರ ಆಸುಪಾಸು. ಶರಾವತಿಯ ಮೇಲ್ದಂಡೆಯಲ್ಲಿ, ಲಿಂಗನಮಕ್ಕಿ ಹಿನ್ನೀರಿನಲ್ಲಿ, ದಶಕಗಳ ಕಾಲ ಲಾಂಚ್ ನಂಬಿದ್ದ ಜನಕ್ಕೆ 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಸಿಕ್ಕಿತು, ಉದ್ದ 2.44 ಕಿ.ಮೀ. ಅಂಥ ಆಳದ ನೀರಲ್ಲಿ ರಿಗ್ ನಿಲ್ಲೋಕೇ ತೇಲುವ ಬಾರ್ಜ್ ಅಥವಾ ತಾತ್ಕಾಲಿಕ ಕಬ್ಬಿಣದ ಕಟ್ಟೆ ಬೇಕು. ಬಿಲ್‌ನಲ್ಲಿ ಅದೂ ಸೇರುತ್ತೆ.

ಸೇತುವೆ ಅಂದ್ರೆ ಎಲ್ಲರೂ ಖುಷಿ, ಆದ್ರೆ ಅಳಿವೆಯಲ್ಲಿ ಕಾಮಗಾರಿ ಅಂದ ತಕ್ಷಣ ಎಲ್ಲರೂ ಖುಷಿ ಅಲ್ಲ. ಕಾಸರಕೋಡದ ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಳಿಂದ ಬೀದಿಯಲ್ಲಿದ್ದಾರೆ. ಮಾರುಕಟ್ಟೆ ವರದಿಗಳಲ್ಲಿ 'ಬಂದರು ವಲಯದ ಬೇಡಿಕೆ' ಅಂತ ಬರೆಯೋ ಸಾಲಿನ ಇನ್ನೊಂದು ತುದಿಯಲ್ಲಿ ಒಣಮೀನು ಹರಡೋ ಹೆಂಗಸರ ಜಾಗ ಇದೆ.

ನನಗೆ ಕಾಡೋದು ಇನ್ನೊಂದು ವಿಷಯ. ಇಷ್ಟು ನದಿ, ಇಷ್ಟು ಸೇತುವೆ ಇರೋ ಜಿಲ್ಲೆ ನಮ್ಮದು. ನಮ್ಮ ಹುಡುಗರು ಗಲ್ಫ್‌ಗೆ, ಗೋವಾಕ್ಕೆ, ಬೆಂಗಳೂರಿಗೆ ಕೆಲಸ ಹುಡುಕ್ಕೊಂಡು ಹೋಗ್ತಾರೆ. ರಿಗ್ ಮಾತ್ರ ಟ್ರೇಲರ್ ಮೇಲೆ ಹೊರಗಿಂದ ಬರುತ್ತೆ, ಕ್ಯಾಬಿನ್‌ನಲ್ಲಿ ಕೂರೋ ಆಪರೇಟರ್ ಅದರ ಜೊತೆಗೇ ಬರ್ತಾನೆ, ಪೈಲ್ ಮುಗಿದ ದಿನ ಇಬ್ಬರೂ ಹೊರಡ್ತಾರೆ. ಆ ಸೀಟಿನಲ್ಲಿ ಕೂರೋಕೆ ಬೇಕಿರೋದು ಕಾಲೇಜಿನ ಡಿಗ್ರಿ ಅಲ್ಲ. ಹೈಡ್ರಾಲಿಕ್ಸ್ ಗೊತ್ತಿರಬೇಕು, ಬಕೆಟ್‌ನಲ್ಲಿ ಬಂದ ಮಣ್ಣು ನೋಡಿ ಕೆಳಗೆ ಶೇಡಿಯೋ ಬಂಡೆಯೋ ಹೇಳೋ ಕಣ್ಣು ಇರಬೇಕು. ಬಾವಿ ತೋಡಿದ ಮನೆಯವರಿಗೆ ಆ ಕಣ್ಣು ಅರ್ಧ ಬಂದೇ ಇರುತ್ತೆ. ನಿಮ್ಮೂರಲ್ಲಿ ಯಾರಾದ್ರೂ ರಿಗ್ ಓಡಿಸ್ತಿದ್ರೆ ಒಂದು ವಾಯ್ಸ್ ಮೆಸೇಜ್ ಕಳಿಸಿ, ಅವರನ್ನೇ ಕೂರಿಸ್ಕೊಂಡು ಮಾತಾಡ್ಬೇಕು ಅಂತಿದೀನಿ.