ಹಳೆ ತಂತ್ರಾಂಶಕ್ಕೆ ನೆಲೆಯಾಗಿ ಟವರ್ ಸರ್ವರ್: ಡೆಲ್ ಪವರ್‌ಎಡ್ಜ್ ಟಿ110 II ಕುರಿತ ಪರಿಶೀಲನೆ

2011ರಲ್ಲಿ ಮಾರುಕಟ್ಟೆಗೆ ಬಂದ ಡೆಲ್ ಪವರ್‌ಎಡ್ಜ್ ಟಿ110 II ಸಣ್ಣ ಕಚೇರಿಗಳಿಗೆಂದೇ ರೂಪಿಸಿದ ಆರಂಭಿಕ ದರ್ಜೆಯ ಸರ್ವರ್. ಹಳೆ ತಂತ್ರಾಂಶ ನಡೆಸಲು ಇಂಥ ಯಂತ್ರವನ್ನು ಉಳಿಸಿಕೊಳ್ಳುವವರಿಗೆ ಒರೆಗಲ್ಲು ಒಂದೇ: ಯಂತ್ರ ಕೆಟ್ಟ ದಿನ ಅದರೊಳಗಿನ ದತ್ತಾಂಶವನ್ನು ಬೇರೆಡೆ ಓದಲು ಸಾಧ್ಯವೇ? ಟಿ110 II ಅನ್ನು ಈ ಲೇಖನ ಅದೇ ದೃಷ್ಟಿಯಿಂದ ಪರಿಶೀಲಿಸುತ್ತದೆ.

ಇದರಲ್ಲಿರುವುದು ಇಂಟೆಲ್ ಜಿಯಾನ್ ಇ3-1200 ಶ್ರೇಣಿಯ ಒಂದು ಪ್ರೊಸೆಸರ್, ನಾಲ್ಕು ಮೆಮೊರಿ ಸ್ಲಾಟ್, ಗರಿಷ್ಠ 32 ಜಿಬಿ ಡಿಡಿಆರ್3. ಇದು ಬಳಸುವ ಇಸಿಸಿ (ದೋಷ ತಿದ್ದುವ) ಮೆಮೊರಿಯಲ್ಲಿ ಪ್ರತಿ 64 ಬಿಟ್ ದತ್ತಾಂಶಕ್ಕೆ 8 ತಪಾಸಣಾ ಬಿಟ್‌ಗಳಿರುತ್ತವೆ. ಒಂದು ಬಿಟ್ ತಪ್ಪಿದರೆ ತಿದ್ದಿಕೊಳ್ಳುತ್ತದೆ, ಎರಡು ತಪ್ಪಿದರೆ ಪತ್ತೆಹಚ್ಚುತ್ತದೆ. ಆದರೆ ಈ ಸರ್ವರಿಗೆ ಅನ್‌ಬಫರ್ಡ್ ರ‍್ಯಾಮ್ ಮಾತ್ರ ಹೊಂದುತ್ತದೆ. ದೊಡ್ಡ ಸರ್ವರ್‌ಗಳಿಂದ ಕಳಚಿದ ರಿಜಿಸ್ಟರ್ಡ್ ರ‍್ಯಾಮ್ ಅಗ್ಗಕ್ಕೆ ಸಿಕ್ಕಿ ಸ್ಲಾಟಿನಲ್ಲಿ ಕೂತರೂ ಯಂತ್ರ ಬೂಟ್ ಆಗದು. ವಿದ್ಯುತ್ ಪೂರೈಕೆಗೆ 305 ವ್ಯಾಟ್‌ನ ಒಂದೇ ಘಟಕ. ಅದು ಸುಟ್ಟರೆ ಬದಲಿಯಿಲ್ಲ. ಡಿಸ್ಕ್‌ಗಳಿಗೆ ಕೇಬಲ್ ಜೋಡಣೆಯಿರುವುದರಿಂದ ಅವನ್ನು ಬದಲಿಸಲು ಸರ್ವರ್ ಆರಿಸಿ ಪಕ್ಕದ ಮುಚ್ಚಳ ತೆಗೆಯಬೇಕು.

ಹೆಚ್ಚಿನ ತೊಡಕು ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ರೇಡ್‌ನದು. ಅಗ್ಗದ ಆಯ್ಕೆಯಾದ ರೇಡ್ ನಿಯಂತ್ರಕ ಪರ್ಕ್ ಎಸ್100ಕ್ಕೆ ಸ್ವಂತ ಪ್ರೊಸೆಸರ್ ಇಲ್ಲ; ಕೆಲಸವೆಲ್ಲ ವಿಂಡೋಸ್ ಡ್ರೈವರಿನ ಮೂಲಕ ಸರ್ವರಿನ ಪ್ರೊಸೆಸರ್ ಮೇಲೆ ಬೀಳುತ್ತದೆ. ಆ ಡ್ರೈವರ್ ಇಲ್ಲದ ವ್ಯವಸ್ಥೆಗೆ ಮಿರರ್ ಮಾಡಿದ ಜೋಡಿ ಎರಡು ಬಿಡಿ ಡಿಸ್ಕ್‌ಗಳಾಗಿ ಕಾಣುತ್ತದೆ. ಲಿನಕ್ಸ್‌ನ ಎಂಡಿ ರೇಡ್ ತನ್ನ ವಿವರವನ್ನು ಡಿಸ್ಕ್‌ಗಳಲ್ಲೇ ಬರೆದಿಡುವುದರಿಂದ ಮತ್ತೊಂದು ಲಿನಕ್ಸ್ ಯಂತ್ರ ಅವನ್ನು ಜೋಡಿಸಿಕೊಳ್ಳಬಲ್ಲದು.

ಭದ್ರತೆಯ ಮಿತಿ ಬರುವುದು ತಂತ್ರಾಂಶದಿಂದ. ವಿಂಡೋಸ್ ಸರ್ವರ್ 2003ರ ಬೆಂಬಲ 2015ರ ಜುಲೈ 14ಕ್ಕೆ ಮುಗಿಯಿತು. ಕಡತ ಹಂಚಿಕೆಗೆ ಅದಕ್ಕೆ ಎಸ್‌ಎಂಬಿ1 ಎಂಬ ಹಳೆ ಶಿಷ್ಟಾಚಾರ ಬಿಟ್ಟರೆ ಗತಿಯಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಹಬ್ಬಿದ್ದು ಎಸ್‌ಎಂಬಿ1ರಲ್ಲಿದ್ದ ದೋಷದ ಮೂಲಕವೇ. ಆದ್ದರಿಂದ ಅಂಥ ವ್ಯವಸ್ಥೆಯನ್ನು ವರ್ಚುವಲ್ ಯಂತ್ರದೊಳಗಿಟ್ಟು, ಕಚೇರಿಯ ಉಳಿದ ಜಾಲದಿಂದ ಬೇರ್ಪಡಿಸುವುದು ಲೇಸು. ಪ್ರೊಸೆಸರಿನ ವರ್ಚುವಲೀಕರಣ ಸೌಲಭ್ಯವಾದ ವಿಟಿ-ಎಕ್ಸ್ ಇದಕ್ಕೆ ಒದಗುತ್ತದೆ.

ಹೀಗೆ ಮಾಡಿದಾಗ ಇಡೀ ಹಳೆ ವ್ಯವಸ್ಥೆ ಒಂದು ಕಡತವಾಗಿ ಬೇರೆ ಯಂತ್ರಕ್ಕೆ ಹೋಗಬಲ್ಲದು. ಸೀರಿಯಲ್ ಪೋರ್ಟಿಗೆ ಕಟ್ಟಿಬಿದ್ದ ಉಪಕರಣಗಳಿಗೆ ಮಾತ್ರ ಪ್ರತ್ಯೇಕ ಏರ್ಪಾಡು ಬೇಕು. ಬ್ಯಾಕಪ್ ಪ್ರತಿಯನ್ನು ಇನ್ನೊಂದು ಯಂತ್ರದಲ್ಲಿ ಚಾಲೂ ಮಾಡಿ ನೋಡಿರದ ಕಚೇರಿ ಟಿ110 II ಅನ್ನು ನೆಚ್ಚಿ ಕೂರುವಂತಿಲ್ಲ.